ತಮ್ಮನ ಜೊತೆ ಕೂತು ‘ಆಕಾಮೆ ಗಾ ಕಿಲ್’ ನೋಡಬಹುದಾ? ನೋಡಿದವರ ಅನುಭವ

ಪ್ರಶ್ನೆ

ನನ್ನ ತಮ್ಮ ಈಗಷ್ಟೇ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಬರೆದು ಕೂತಿದ್ದಾನೆ. ಅನಿಮೆ (ಜಪಾನಿನ ಕಾರ್ಟೂನ್ ಸರಣಿ) ಅಂದ್ರೆ ಪ್ರಾಣ. ರಜೆಯಲ್ಲಿ ಇಬ್ಬರೂ ಒಟ್ಟಿಗೆ ಒಂದು ಸರಣಿ ಪೂರ್ತಿ ನೋಡೋಣ ಅಂತ ಮಾತಾಗಿದೆ. ಅವನು ‘ಆಕಾಮೆ ಗಾ ಕಿಲ್’ ಬೇಕು ಅಂತ ಹಟ ಹಿಡಿದಿದ್ದಾನೆ. ನಾನು ಒಂದು ಸಣ್ಣ ತುಣುಕು ನೋಡಿದೆ. ಬರೀ ರಕ್ತ. ಆದರೆ ಗೆಳತಿಯೊಬ್ಬಳು ಇದರಲ್ಲಿ ಭ್ರಷ್ಟ ಸರ್ಕಾರದ ಬಗ್ಗೆ, ಸರಿ ತಪ್ಪಿನ ಬಗ್ಗೆ ಒಳ್ಳೆ ವಿಚಾರ ಇದೆ ಅಂದಳು. ನಿಜವಾ? ಅವನ ವಯಸ್ಸಿಗೆ ಸರಿಯಾ? ಅನಿಮೆ ನೋಡಬೇಕಾ, ಮಾಂಗಾ (ಜಪಾನಿನ ಕಾಮಿಕ್ಸ್) ಓದಬೇಕಾ? ಕಥೆ ಹೇಳಿದರೂ ನನಗೆ ಬೇಜಾರಿಲ್ಲ. ಮೊದಲೇ ತಿಳಿದುಕೊಂಡು ಕೂರುವುದೇ ನನಗೆ ಬೇಕಿರುವುದು.

ಉತ್ತರ 1

ನಾನು ಇದನ್ನು ಮೂರು ಸಲ ನೋಡಿದ್ದೇನೆ. ಮೊದಲ ಸಲ ಕಾಲೇಜಿನಲ್ಲಿದ್ದಾಗ, ಕತ್ತಿವರಸೆಗೋಸ್ಕರ. ಮೂರನೇ ಸಲ ಕೆಲಸಕ್ಕೆ ಸೇರಿದ ಮೇಲೆ. ಆಗಲೇ ನನಗೆ ಇದು ಅರ್ಥವಾಗಿದ್ದು ಅನ್ನಬೇಕು.

ಒಟ್ಟು 24 ಎಪಿಸೋಡ್. 2014ರ ಜುಲೈಯಿಂದ ಡಿಸೆಂಬರ್‌ವರೆಗೆ ಜಪಾನ್‌ನಲ್ಲಿ ಪ್ರಸಾರವಾಯಿತು. ಮಾಡಿದ್ದು ವೈಟ್ ಫಾಕ್ಸ್ ಸ್ಟುಡಿಯೋ. ಕಥೆ ಶುರುವಾಗುವುದು ತತ್ಸುಮಿ ಎಂಬ ಹಳ್ಳಿ ಹುಡುಗನಿಂದ. ಊರಲ್ಲಿ ಬಡತನ, ತೆರಿಗೆಯ ಹೊರೆ. ಸೈನ್ಯಕ್ಕೆ ಸೇರಿ ದುಡ್ಡು ಕಳಿಸೋಣ ಅಂತ ಇಬ್ಬರು ಗೆಳೆಯರ ಜೊತೆ ರಾಜಧಾನಿಗೆ ಹೊರಡುತ್ತಾನೆ. ದಾರಿಯಲ್ಲಿ ಮೂವರೂ ಬೇರೆಯಾಗುತ್ತಾರೆ. ರಾಜಧಾನಿ ಮುಟ್ಟಿದ ದಿನವೇ ಇವನ ಹಣ ಮೋಸದಿಂದ ಹೋಗುತ್ತದೆ. ರಾತ್ರಿ ಬೀದಿಯಲ್ಲಿ ಕೂತವನನ್ನು ಒಂದು ಶ್ರೀಮಂತ ಮನೆಯ ಹುಡುಗಿ ಆರಿಯಾ ಕರೆದುಕೊಂಡು ಹೋಗಿ ಊಟ, ಹಾಸಿಗೆ ಕೊಡುತ್ತಾಳೆ. ಎಷ್ಟು ಒಳ್ಳೆಯವರು ಅಂತ ನಮಗೂ ಅನಿಸುತ್ತದೆ. ಆಮೇಲೆ ಅದೇ ಮನೆಯ ಹಿತ್ತಲಿನ ಉಗ್ರಾಣದ ಬಾಗಿಲು ತೆರೆಯುತ್ತದೆ. ಹಳ್ಳಿಯಿಂದ ಬಂದವರನ್ನು ಹೀಗೇ ಕರೆತಂದು, ಹಿಂಸೆ ಕೊಟ್ಟು ಕೊಲ್ಲುವುದು ಆ ಮನೆಯವರ ಹವ್ಯಾಸ. ತತ್ಸುಮಿ ಹುಡುಕುತ್ತಿದ್ದ ಗೆಳತಿ ಸಾಯೊ ಅಲ್ಲೇ ಹೆಣವಾಗಿದ್ದಾಳೆ. ಆರಿಯಾಗೆ ಅವಳ ಮೇಲೆ ಸಿಟ್ಟು ಬಂದದ್ದು ಯಾಕೆ ಗೊತ್ತಾ? ಸಾಯೊಳ ಕೂದಲು ನೇರವಾಗಿತ್ತು ಅಂತ. ಅಷ್ಟೇ.

ಆರಿಯಾಳನ್ನು ಕೊನೆಗೆ ಕೊಲ್ಲುವುದು ಭ್ರಷ್ಟ ಸರ್ಕಾರದ ವಿರುದ್ಧ ದಂಗೆ ಎದ್ದ ನೈಟ್ ರೇಡ್ ಎಂಬ ಕೊಲೆಗಾರರ ಗುಂಪಲ್ಲ, ತತ್ಸುಮಿಯೇ. ನಿಮ್ಮ ತಮ್ಮ ಆ ಕ್ಷಣ ಖುಷಿಪಡುತ್ತಾನೆ. ನಾನೂ ಪಟ್ಟಿದ್ದೆ. ಆದರೆ ಆ ಖುಷಿಯ ಮೇಲೆಯೇ ಈ ಕಥೆ ಮುಂದೆ ಪ್ರಶ್ನೆ ಎತ್ತುತ್ತಾ ಹೋಗುತ್ತದೆ. ನೈಟ್ ರೇಡ್ ಸೇರುವಾಗ ತತ್ಸುಮಿ, ಹಾಗಾದರೆ ನಾವು ನ್ಯಾಯದ ಕಡೆಯವರು ಅನ್ನುತ್ತಾನೆ. ಅವರೆಲ್ಲ ನಗುತ್ತಾರೆ. ಏನೇ ಹೆಸರಿಟ್ಟರೂ ನಾವು ಮಾಡುತ್ತಿರುವುದು ಕೊಲೆ, ಒಂದು ದಿನ ನಮಗೂ ಇದೇ ಗತಿ ಅಂತ ನೇರವಾಗಿ ಹೇಳುತ್ತಾರೆ. ಆ ಮಾತು ಸುಮ್ನೆ ಸ್ಟೈಲಿಗೆ ಆಡಿದ್ದಲ್ಲ. ಮುಂದೆ ಒಬ್ಬೊಬ್ಬರಾಗಿ ಸಾಯುತ್ತಾರೆ.

ಎರಡನೇ ಎಪಿಸೋಡ್‌ನಲ್ಲಿ ಓಗರ್ ಎಂಬ ಪೊಲೀಸ್ ಕ್ಯಾಪ್ಟನ್ ಬರುತ್ತಾನೆ. ಎಣ್ಣೆ ವ್ಯಾಪಾರಿಯೊಬ್ಬನಿಂದ ಲಂಚ ತಿಂದು, ಆ ವ್ಯಾಪಾರಿ ಮಾಡಿದ ಅಪರಾಧವನ್ನು ಬಡವರ ತಲೆಗೆ ಕಟ್ಟಿ ಗಲ್ಲಿಗೆ ಕಳಿಸುವವನು. ಹಾಗೆ ಸತ್ತ ಒಬ್ಬನನ್ನು ಮದುವೆಯಾಗಬೇಕಿದ್ದ ಹುಡುಗಿ ಮೈ ಮಾರಿ ದುಡ್ಡು ಕೂಡಿಸಿ ನೈಟ್ ರೇಡ್ ಹತ್ತಿರ ಬರುತ್ತಾಳೆ. ತತ್ಸುಮಿ ಓಗರ್‌ನನ್ನು ಮುಗಿಸುತ್ತಾನೆ. ಲೆಕ್ಕ ಚುಕ್ತಾ ಆಯಿತು ಅಂದುಕೊಳ್ಳುತ್ತೀರಿ. ಆಗಿರುವುದಿಲ್ಲ. ಓಗರ್ ಕೈಕೆಳಗೆ ಬೆಳೆದ ಸೆರ್ಯು ಎಂಬ ಹುಡುಗಿ ಇದ್ದಾಳೆ. ಅವಳ ಅಪ್ಪ ಅಪರಾಧಿಗಳ ಜೊತೆ ಹೋರಾಡಿ ಸತ್ತವನು. ಅವಳ ಪಾಲಿಗೆ ಓಗರ್ ಗುರು, ದೇವರು. ಅವನು ಲಂಚಕೋರ ಅನ್ನುವುದು ಅವಳಿಗೆ ಗೊತ್ತಿಲ್ಲ. ನ್ಯಾಯ, ನ್ಯಾಯ ಅಂತಲೇ ಜಪಿಸುತ್ತಾ ಅವಳು ನೈಟ್ ರೇಡ್‌ನವರನ್ನು ಬೇಟೆಯಾಡುತ್ತಾಳೆ. ಆರನೇ ಎಪಿಸೋಡ್‌ನಲ್ಲಿ ಅವಳು ಮಾಡುವುದನ್ನು ನೋಡಿ ನನಗೆ ರಾತ್ರಿ ಊಟ ಸೇರಲಿಲ್ಲ. ಇಡೀ ಸರಣಿಯಲ್ಲಿ ‘ನ್ಯಾಯ’ ಅನ್ನುವ ಪದವನ್ನು ಎಲ್ಲರಿಗಿಂತ ಜಾಸ್ತಿ ಬಳಸುವವಳು ಅವಳೇ. ಅದನ್ನು ನಿಮ್ಮ ತಮ್ಮನಿಗೆ ತೋರಿಸಿ. ತಾನು ಸರಿ ಅನ್ನುವ ನಂಬಿಕೆ ಒಬ್ಬರನ್ನು ಎಲ್ಲಿಗೆ ಒಯ್ಯಬಲ್ಲದು ಅಂತ ಅವನೇ ಯೋಚಿಸುತ್ತಾನೆ.

ನಾಲ್ಕನೇ ಎಪಿಸೋಡ್‌ನ ಝ್ಯಾಂಕ್ ಕೂಡ ಹಾಗೆಯೇ. ಅವನು ದೊಡ್ಡ ಜೈಲಿನಲ್ಲಿ ತಲೆ ಕಡಿಯುವ ಕೆಲಸದವನು. ಸಾಮ್ರಾಜ್ಯವನ್ನು ನಿಜವಾಗಿ ಆಳುವ ಮಂತ್ರಿಯ ಕೃಪೆಯಿಂದ ದಿನವಿಡೀ ಮರಣದಂಡನೆ. ಅಂಗಲಾಚುವವರ ತಲೆ ಕಡಿದು ಕಡಿದು ಅದೇ ಚಟವಾಗಿ, ಬೀದಿಯಲ್ಲಿ ಕಂಡವರನ್ನು ಕಡಿಯಲು ಶುರು ಮಾಡುತ್ತಾನೆ. ಸತ್ತವರ ದನಿ ಅವನ ಕಿವಿಯಲ್ಲಿ ನಿಲ್ಲುವುದೇ ಇಲ್ಲ. ಅವನು ರಾಕ್ಷಸ, ನಿಜ. ಆದರೆ ಸಂಬಳ ಕೊಟ್ಟು ಆ ರಾಕ್ಷಸನನ್ನು ತಯಾರು ಮಾಡಿದ್ದು ಸರ್ಕಾರವೇ ಅಲ್ವಾ?

ನೋಡಿ. ಖಂಡಿತ ನೋಡಿ. ಆದರೆ ದಿನಕ್ಕೆ ಎರಡಕ್ಕಿಂತ ಜಾಸ್ತಿ ಬೇಡ.

ಉತ್ತರ 2

ನಾನು ಏಳು ಮತ್ತು ಎಂಟನೇ ಎಪಿಸೋಡ್ ಬಗ್ಗೆ ಮಾತ್ರ ಹೇಳುತ್ತೇನೆ.

ನನ್ನ ಅಪ್ಪ ಸರ್ಕಾರಿ ನೌಕರಿಯಲ್ಲಿದ್ದರು. ಇಲಾಖೆ ಯಾವುದು ಅಂತ ಬೇಡ. ಒಂದು ಬಿಲ್‌ಗೆ ಸಹಿ ಹಾಕಲಿಲ್ಲ ಅನ್ನುವ ಕಾರಣಕ್ಕೆ ನಾಲ್ಕು ವರ್ಷದಲ್ಲಿ ಮೂರು ವರ್ಗಾವಣೆ. ನಾನು ಪ್ರೈಮರಿ ಶಾಲೆಯನ್ನೇ ಮೂರು ಊರಲ್ಲಿ ಓದಿದೆ. ಅಪ್ಪ ಮನೆಯಲ್ಲಿ ಒಂದು ದಿನವೂ ಆ ವಿಷಯ ಎತ್ತಲಿಲ್ಲ. ರಾತ್ರಿ ಸುಮ್ಮನೆ ರೇಡಿಯೋ ಹಾಕಿಕೊಂಡು ಕೂರುತ್ತಿದ್ದರು.

ಈ ಕಥೆಯಲ್ಲಿ ಲಿವರ್ ಅಂತ ಒಬ್ಬ ಸೇನಾಪತಿ ಇದ್ದಾನೆ. ಯುದ್ಧದಲ್ಲಿ ಗೆದ್ದವನು, ಸೈನಿಕರಿಗೆ ಬೇಕಾದವನು. ಮಂತ್ರಿಗೆ ಲಂಚ ಕೊಡಲಿಲ್ಲ. ಸುಳ್ಳು ಆರೋಪ ಹೊರಿಸಿ ಜೈಲಿಗೆ ಹಾಕಿದರು. ಅವನ ಕೈಕೆಳಗಿದ್ದ ಬುಲಾಟ್ ಆಗಲೇ ಸೈನ್ಯ ಬಿಟ್ಟು ದಂಗೆಕೋರರ ಕಡೆ ಬಂದ. ಆದರೆ ಲಿವರ್‌ನನ್ನು ಜೈಲಿನಿಂದ ಬಿಡಿಸಿದ್ದು ಎಸ್ಡೆತ್, ಸಾಮ್ರಾಜ್ಯದ ಅತ್ಯಂತ ಕ್ರೂರ ಸೇನಾನಿ. ಆ ಋಣಕ್ಕೆ ಅವನು ಅವಳ ಆಳಾಗುತ್ತಾನೆ. ಅವಳು ಹೇಳಿದ್ದಕ್ಕೆ ಒಳ್ಳೆಯ ಅಧಿಕಾರಿಗಳನ್ನೇ ಕೊಲ್ಲುತ್ತಾನೆ. ಕೊನೆಗೆ ಒಂದು ಹಡಗಿನ ಮೇಲೆ ಬುಲಾಟ್ ಮತ್ತು ಲಿವರ್ ಎದುರುಬದುರು ನಿಲ್ಲುತ್ತಾರೆ. ಇಬ್ಬರಿಗೂ ಅನ್ಯಾಯ ಮಾಡಿದವನು ಒಬ್ಬನೇ ಮಂತ್ರಿ. ಅವನು ಅರಮನೆಯಲ್ಲಿ ಮಾಂಸ ತಿನ್ನುತ್ತಾ ಆರಾಮಾಗಿ ಕೂತಿದ್ದಾನೆ. ಇವರು ಒಬ್ಬರನ್ನೊಬ್ಬರು ಕೊಂದುಕೊಳ್ಳುತ್ತಾರೆ.

ನಾನು ಅಲ್ಲಿಗೆ ನಿಲ್ಲಿಸಿ ಅಪ್ಪನಿಗೆ ಫೋನ್ ಮಾಡಿದೆ. ಊಟ ಆಯ್ತಾ ಅಂತ ಕೇಳಿದೆ, ಬೇರೆ ಏನೂ ಮಾತಾಡಲಿಲ್ಲ.

ಪ್ರಾಮಾಣಿಕರು ಇರಲಿಲ್ಲ ಅಂತಲ್ಲ ರಾಜ್ಯ ಕೆಡುವುದು. ಪ್ರಾಮಾಣಿಕನಾದವನಿಗೆ ಹೋಗಲು ಒಳ್ಳೆಯ ಜಾಗವೇ ಉಳಿಯುವುದಿಲ್ಲ. ಅದನ್ನು ಈ ಎರಡು ಎಪಿಸೋಡ್ ನನಗೆ ತೋರಿಸಿದಷ್ಟು ಸ್ಪಷ್ಟವಾಗಿ ಬೇರೆ ಯಾವುದೂ ತೋರಿಸಿಲ್ಲ.

ಉತ್ತರ 3

ನಾನು ಹೈಸ್ಕೂಲ್ ಟೀಚರ್. ವಯಸ್ಸಿನ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ಇದು ದೊಡ್ಡವರಿಗೆ ಅಂತ ಮಾಡಿದ ಸರಣಿ. ಕೈಕಾಲು ಕಡಿಯುವುದು, ಚಿತ್ರಹಿಂಸೆ, ತಲೆ ಕಡಿದು ಊರ ಮಧ್ಯೆ ಇಡುವುದು, ಎಲ್ಲ ಇದೆ. ಹೆಣ್ಣುಪಾತ್ರಗಳ ಮೈ ತೋರಿಸುವ ದೃಶ್ಯಗಳೂ ಆಗಾಗ ಬರುತ್ತವೆ, ಕಥೆಗೆ ಅವು ಬೇಕಾಗಿಯೇ ಇಲ್ಲ. ಮೊದಲ ಎಪಿಸೋಡ್ ನೀವೊಬ್ಬರೇ ನೋಡಿ. ಅದರಲ್ಲೇ ಸರಣಿಯ ತೂಕ ಗೊತ್ತಾಗುತ್ತದೆ. ಆ ಉಗ್ರಾಣದ ದೃಶ್ಯ ನಿಮ್ಮ ತಮ್ಮ ತಡೆದುಕೊಳ್ಳುತ್ತಾನೆ ಅನಿಸಿದರೆ ಮುಂದುವರಿಯಿರಿ. ಇಲ್ಲವಾದರೆ ಎರಡು ವರ್ಷ ಕಾಯಿರಿ. 15 ವರ್ಷದ ಹುಡುಗರೆಲ್ಲ ಒಂದೇ ಥರ ಇರುವುದಿಲ್ಲ. ಅವನನ್ನು ಎತ್ತಿ ಆಡಿಸಿದವರು ನೀವು, ನಿಮಗೇ ಚೆನ್ನಾಗಿ ಗೊತ್ತು.

ಇನ್ನೊಂದು ಮಾತು. ಅವನು ಒಬ್ಬನೇ ಬಾಗಿಲು ಹಾಕಿಕೊಂಡು ನೋಡುವುದಕ್ಕಿಂತ ಅಕ್ಕನ ಪಕ್ಕ ಕೂತು ನೋಡುವುದು ನೂರು ಪಾಲು ಮೇಲು.

ಉತ್ತರ 4

ಅನಿಮೆಯಾ ಮಾಂಗಾನಾ ಅಂತ ಕೇಳಿದ್ದೀರಿ. ಇದು ಮುಖ್ಯ. ಎರಡರ ಅಂತ್ಯವೂ ಬೇರೆ ಬೇರೆ.

ಮಾಂಗಾ ಬರೆದವರು ತಕಾಹಿರೊ, ಚಿತ್ರ ತೆತ್ಸುಯಾ ತಾಶಿರೊ ಅವರದು. ಗಂಗನ್ ಜೋಕರ್ ಪತ್ರಿಕೆಯಲ್ಲಿ 2010ರಲ್ಲಿ ಶುರುವಾಗಿ 2016ರಲ್ಲಿ ಮುಗಿಯಿತು. ಒಟ್ಟು 15 ಸಂಪುಟ. ಅನಿಮೆ 2014ರಲ್ಲೇ ಮುಗಿಸಬೇಕಾಯಿತಲ್ಲ, ಆಗ ಮಾಂಗಾ ಇನ್ನೂ ನಡೆಯುತ್ತಿತ್ತು. ಹಾಗಾಗಿ ಅನಿಮೆಯವರು ಕೊನೆಯ ಭಾಗವನ್ನು ತಮ್ಮದೇ ದಾರಿಯಲ್ಲಿ ಕಟ್ಟಿದರು. ಅದರಲ್ಲಿ ಅವಸರ ಎದ್ದು ಕಾಣುತ್ತದೆ. ಸಾವುಗಳು ಸಾಲಾಗಿ ಬಂದುಬಿಡುತ್ತವೆ, ಅಳುವುದಕ್ಕೂ ಸಮಯ ಕೊಡುವುದಿಲ್ಲ. ತತ್ಸುಮಿ ಅನಿಮೆಯಲ್ಲಿ ಸಾಯುತ್ತಾನೆ. ಮಾಂಗಾದಲ್ಲಿ ಬದುಕುತ್ತಾನೆ, ಆದರೆ ಮನುಷ್ಯ ರೂಪದಲ್ಲಲ್ಲ.

ನಿಮಗೆ ವಿಶೇಷವಾಗಿ ಹೇಳಬೇಕಾದ್ದು ನೈಟ್ ರೇಡ್‌ನ ಆಕಾಮೆ ಮತ್ತು ಸಾಮ್ರಾಜ್ಯದ ಕಡೆಯ ಕುರೊಮೆಯ ವಿಷಯ. ಇಬ್ಬರೂ ಅಕ್ಕ ತಂಗಿ. ಚಿಕ್ಕವರಿದ್ದಾಗಲೇ ಹೆತ್ತವರು ಇಬ್ಬರನ್ನೂ ಸಾಮ್ರಾಜ್ಯಕ್ಕೆ ಮಾರುತ್ತಾರೆ. ಕೊಲೆ ಮಾಡುವುದನ್ನು ಕಲಿಸಿ ಬೆಳೆಸುತ್ತಾರೆ. ತಂಗಿಗೆ ಮದ್ದು ಕೊಟ್ಟು ಕೊಟ್ಟು ಮೈಯನ್ನೇ ಹಾಳು ಮಾಡಿರುತ್ತಾರೆ. ಅಕ್ಕ ಸತ್ಯ ತಿಳಿದು ಆಚೆ ಬರುತ್ತಾಳೆ, ತಂಗಿ ಅಲ್ಲೇ ಉಳಿಯುತ್ತಾಳೆ. ಆಮೇಲೆ ಇಬ್ಬರಿಗೂ ಒಂದೇ ಆಸೆ: ಬೇರೆ ಯಾರೋ ಕೊಲ್ಲುವ ಮುಂಚೆ ನಾನೇ ಅವಳನ್ನು ಕೊಲ್ಲಬೇಕು. ಅದು ದ್ವೇಷವಲ್ಲ, ಪ್ರೀತಿ. ಅನಿಮೆಯಲ್ಲಿ ಅಕ್ಕನ ಕೈಯಲ್ಲೇ ತಂಗಿ ಸಾಯುತ್ತಾಳೆ. ಮಾಂಗಾದಲ್ಲಿ ವೇವ್ ಎಂಬ ಹುಡುಗನಿಂದಾಗಿ ಅವಳು ಉಳಿಯುತ್ತಾಳೆ. ವೇವ್ ಎದುರಾಳಿ ಪಡೆಯವನು, ಕಡಲ ತೀರದವನು, ಅಪ್ಪಟ ಒಳ್ಳೆಯವನು. ನನಗೆ ಮಾಂಗಾದ ದಾರಿಯೇ ಹೆಚ್ಚು ನಿಜ ಅನಿಸಿತು.

ಒಂದು ಎಚ್ಚರಿಕೆ. ಮಾಂಗಾದ ನಡುಭಾಗದಲ್ಲಿ ಮಂತ್ರಿಯ ಮಗ ವೈಲ್ಡ್ ಹಂಟ್ ಅಂತ ಒಂದು ಪಡೆ ಕಟ್ಟುತ್ತಾನೆ. ಅಧಿಕಾರ ಇದೆ ಅಂತ ಬೀದಿಯಲ್ಲಿ ಕಂಡವರಿಗೆಲ್ಲ ಮಾಡಬಾರದ್ದು ಮಾಡುತ್ತಾರೆ. ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯವೂ ಇದೆ. ಆ ಭಾಗ ಅನಿಮೆಯಲ್ಲಿ ಬರುವುದಿಲ್ಲ. ತಮ್ಮನಿಗೆ ಈಗ ಅನಿಮೆ ಸಾಕು. ಮಾಂಗಾ ನೀವು ಮೊದಲು ಓದಿ.

ಉತ್ತರ 5

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ನಾನೂ ಇದನ್ನು ಇಷ್ಟಪಟ್ಟವನೇ. ಆದರೆ ರಾಜಕೀಯದ ವಿಷಯದಲ್ಲಿ ಇದು ಅಷ್ಟು ಆಳಕ್ಕೆ ಹೋಗುವುದಿಲ್ಲ. ಮಂತ್ರಿಯ ಹೆಸರು ಆನೆಸ್ಟ್. ಪುಟ್ಟ ಚಕ್ರವರ್ತಿಯನ್ನು ಗೊಂಬೆಯ ಹಾಗೆ ಕೂರಿಸಿ ಆಳುತ್ತಾನೆ. ಅವನು ಯಾಕೆ ಹಾಗಾದ ಅಂತ ಕಥೆ ಕೇಳುವುದೇ ಇಲ್ಲ. ರಾಜಧಾನಿಯ ಶ್ರೀಮಂತರಲ್ಲಿ ಬಹಳ ಜನ ಹಿಂಸೆಯಲ್ಲಿ ಖುಷಿ ಕಾಣುವವರು. ನಿಜವಾದ ಭ್ರಷ್ಟಾಚಾರ ಹಾಗಿರುವುದಿಲ್ಲ ಅಲ್ವಾ? ಅದು ನಗುನಗುತ್ತಾ ನಾಳೆ ಬನ್ನಿ ಅನ್ನುತ್ತದೆ. ಮಕ್ಕಳನ್ನು ಟ್ಯೂಷನ್‌ಗೆ ಬಿಟ್ಟು ಬರುತ್ತದೆ.

ಹಾಗೆ ಹತ್ತಿರದಿಂದ ನೋಡಿದಂತೆ ಅನಿಸುವುದು ಒಂದು ಪಾತ್ರದಲ್ಲಿ. ಬೋಲ್ಸ್, ಸಾಮ್ರಾಜ್ಯದ ಕಡೆಯವನು. ಮುಖಕ್ಕೆ ಮುಸುಕು, ಬೆನ್ನಿಗೆ ಬೆಂಕಿ ಉಗುಳುವ ಯಂತ್ರ. ಆಜ್ಞೆ ಬಂದರೆ ಹಳ್ಳಿಗೆ ಹಳ್ಳಿಯನ್ನೇ ಸುಟ್ಟವನು. ಮನೆಯಲ್ಲಿ ಹೆಂಡತಿ, ಪುಟ್ಟ ಮಗಳು, ತುಂಬಿದ ಪ್ರೀತಿ. ಅಡುಗೆ ಮಾಡುತ್ತಾನೆ, ಹೊಸಬರಿಗೆ ಚಹಾ ಕೊಡುತ್ತಾನೆ. ನಾನು ಮಾಡಿದ್ದು ಪಾಪ, ಒಂದು ದಿನ ಅನುಭವಿಸುತ್ತೇನೆ ಅಂತ ಅವನಿಗೆ ಗೊತ್ತು. ಆದರೂ ಕೆಲಸ ಬಿಡುವುದಿಲ್ಲ. ನೈಟ್ ರೇಡ್‌ನ ಚೆಲ್ಸಿ ವೇಷ ಮರೆಸಿಕೊಂಡು ಬಂದು ಅವನನ್ನು ಕೊಲ್ಲುತ್ತಾಳೆ. ಅವನು ಸಾಯುವಾಗ ನಾನು ಯಾರ ಕಡೆ ಅಂತ ನನಗೇ ಗೊತ್ತಾಗಲಿಲ್ಲ. ಅವನು ಸುಟ್ಟ ಹಳ್ಳಿಯವರನ್ನು ನೆನೆಸಿಕೊಂಡೆ. ಅವನ ಮಗಳನ್ನೂ ನೆನೆಸಿಕೊಂಡೆ. ಸ್ವಲ್ಪ ಹೊತ್ತಿಗೆ ಚೆಲ್ಸಿಯೂ ಸಾಯುತ್ತಾಳೆ.

ಕೊನೆಯಲ್ಲಿ ಕ್ರಾಂತಿ ಗೆಲ್ಲುತ್ತದೆ. ಗೆದ್ದವರು ಆ ಬಾಲಕ ಚಕ್ರವರ್ತಿಗೂ ಮರಣದಂಡನೆ ಕೊಡುತ್ತಾರೆ. ಅವನು ಮೋಸಹೋದ ಮಗು. ಅವನ ಹೆಸರಿನಲ್ಲಿ ಲಕ್ಷಾಂತರ ಜನ ಸತ್ತಿರುವುದೂ ನಿಜ. ಈ ದೃಶ್ಯ ಬಂದಾಗ ಟಿವಿ ಆಫ್ ಮಾಡಿ, ಸ್ವಲ್ಪ ಹೊತ್ತು ತಮ್ಮನ ಜೊತೆ ಮಾತಾಡಿ. ನಾನು ನನ್ನ ರೂಮ್‌ಮೇಟ್ ಜೊತೆ ಬೆಳಗಿನ ಜಾವ ಎರಡು ಗಂಟೆವರೆಗೆ ವಾದ ಮಾಡಿದ್ದೆ. ಇವತ್ತಿಗೂ ನಾವಿಬ್ಬರು ಒಪ್ಪಿಲ್ಲ.

ರಾಜಕೀಯ ಇನ್ನೂ ಬೇಕು ಅನಿಸಿದರೆ ಇದಾದ ಮೇಲೆ ‘ಕೋಡ್ ಗೀಯಸ್’ ಎಂಬ ಅನಿಮೆ ನೋಡಿ. 25 ಎಪಿಸೋಡ್‌ಗಳ ಎರಡು ಸೀಸನ್.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟೀಚರ್ ಹೇಳಿದ ಹಾಗೆ ಮೊದಲನೆಯದನ್ನು ನಾನೊಬ್ಬಳೇ ನೋಡಿದೆ. ಕಷ್ಟವಾಯಿತು. ಆಮೇಲೆ ಅವನಿಗೆ ಉಗ್ರಾಣದಲ್ಲಿ ಏನಿದೆ ಅಂತ ಮೊದಲೇ ಹೇಳಿ ಜೊತೆಗೆ ಕೂರಿಸಿಕೊಂಡೆ. ನಿನ್ನೆಗೆ ನಾಲ್ಕು ಮುಗಿಯಿತು. ಝ್ಯಾಂಕ್ ಸತ್ತ ಮೇಲೆ ನಮ್ಮ ಹುಡುಗ ಬಹಳ ಹೊತ್ತು ಸುಮ್ಮನಿದ್ದ. ಮಲಗುವಾಗ ಬಂದು ಕೇಳಿದ, ‘ಅಕ್ಕಾ, ಅವನು ಆ ಕೆಲಸ ಬಿಡ್ತೀನಿ ಅಂದಿದ್ರೆ ಬಿಡ್ತಿದ್ರಾ?’ ನನಗೆ ಉತ್ತರ ಹೊಳೆಯಲಿಲ್ಲ. ನಾಳೆ ಮಾತಾಡೋಣ ಅಂದೆ.

ಒಂದು ಪ್ರಶ್ನೆ ಉಳಿದಿದೆ. ಆಕಾಮೆಯ ಬಾಲ್ಯದ ಬಗ್ಗೆ ಬೇರೆ ಮಾಂಗಾ ಇದೆ ಅಂತ ಅವನು ಹೇಳುತ್ತಿದ್ದಾನೆ. ಅದನ್ನು ಮೊದಲು ಓದಬೇಕಾ?

ಉತ್ತರ 4 ಬರೆದವರು

ಹೌದು, ಇದೆ. ಹೆಸರು ‘ಆಕಾಮೆ ಗಾ ಕಿಲ್ ಝೀರೋ’, 10 ಸಂಪುಟ. ಅವಳು ಸಾಮ್ರಾಜ್ಯದ ಪರವಾಗಿ, ತಾನು ಮಾಡುತ್ತಿರುವುದು ಸರಿ ಅಂತ ನಂಬಿ ಕೊಲ್ಲುತ್ತಿದ್ದ ಕಾಲದ ಕಥೆ. ಮೊದಲು ಬೇಡ. ಮುಖ್ಯ ಕಥೆ ಮುಗಿಸಿ ಆಮೇಲೆ ಓದಿ. ಆಕಾಮೆ ಊಟಕ್ಕೆ ಕೂತರೆ ಯಾಕೆ ಅಷ್ಟು ಆಸೆಪಟ್ಟು ತಿನ್ನುತ್ತಾಳೆ, ಯಾಕೆ ಅಷ್ಟು ಕಡಿಮೆ ಮಾತಾಡುತ್ತಾಳೆ ಅನ್ನುವುದು ಆಗ ನಿಮಗೆ ಬೇರೆಯೇ ಥರ ಕಾಣುತ್ತದೆ. ಏಳು ಎಂಟನ್ನು ಒಂದೇ ರಾತ್ರಿ ನೋಡಿ, ನಡುವೆ ನಿಲ್ಲಿಸಬೇಡಿ. ಮತ್ತೆ ತಮ್ಮ ಕೇಳಿದ ಪ್ರಶ್ನೆಗೆ ನೀವಿಬ್ಬರೂ ಏನು ಮಾತಾಡಿಕೊಂಡಿರಿ ಅಂತ ಇಲ್ಲಿ ಬರೆಯಿರಿ, ನನಗೆ ಕೇಳುವ ಆಸೆ ಇದೆ.