ಬಿಡದಿ ವಾಟರ್ ಪಾರ್ಕಿಗೆ ಒಂದು ದಿನ: ಹೋಗಿಬಂದವರು ಹೇಳಿ

ಕೇಳಿದವರು: ಮುಂದಿನ ತಿಂಗಳು ವಂಡರ್‌ಲಾಗೆ ಐದು ಜನ ಹೊರಟಿದ್ದೀವಿ. ನಾವಿಬ್ಬರು, ಅತ್ತೆ, 11 ವರ್ಷದ ಮಗಳು, ಒಂದೂವರೆ ವರ್ಷದ ಮಗ. ಬಟ್ಟೆ ಯಾವುದು, ಖರ್ಚು ಎಲ್ಲಿ ಕೈಮೀರುತ್ತೆ?

ಲೆಕ್ಕದಪ್ಪ: ಮೊದಲು ಮಗಳನ್ನ ಬರಿಗಾಲಲ್ಲಿ ಗೋಡೆಗೆ ನಿಲ್ಲಿಸಿ ಅಳೀರಿ. ಅಲ್ಲಿ ಲೆಕ್ಕ ವಯಸ್ಸಿಂದಲ್ಲ, ಎತ್ತರದ್ದು. 85 ಸೆಂ.ಮೀ. ಒಳಗೆ ಟಿಕೆಟ್ಟಿಲ್ಲ, 140ರ ತನಕ ಮಕ್ಕಳದು, ಮೇಲೆ ಹೋದ್ರೆ ದೊಡ್ಡವರದು. ತಲೆ ಮೇಲೆ ತುರುಬು ಕಟ್ಟಿ ಕರ್ಕೊಂಡು ಹೋದ್ರೆ ಗೇಟಲ್ಲಿ ಜಗಳ ಗ್ಯಾರಂಟಿ. ಜಿಎಸ್‌ಟಿ 18%, 2018ರ ಜನವರಿಗೆ ಮುಂಚೆ 28 ಇತ್ತು. ಜಾಹೀರಾತಿನ ದರದಲ್ಲಿ ಅದು ಸೇರಿದೆಯೋ ಇಲ್ವೋ ನೋಡ್ಕೊಳ್ಳಿ, ಸಾವಿರಕ್ಕೆ 180 ಅಂದ್ರೆ ಐದು ಜನದ ಮನೆಗೆ ಸಣ್ಣ ಮೊತ್ತವಲ್ಲ. ಶನಿವಾರ, ಭಾನುವಾರ ಬೇಡವೇ ಬೇಡ.

ಲೈಕ್ರಾ ಲಕ್ಷ್ಮಿ: ಕಾಟನ್ ಟೀಶರ್ಟ್ ಹಾಕ್ಕೊಂಡು ಹೋಗಿ ವಾಪಸ್ ಕಳಿಸಿದ್ರು ಅಂತ ಗೋಳಾಡೋರಿಗೆ ಕಾರಣ ಗೊತ್ತಿರಲ್ಲ. ಕಾಟನ್ ನೀರು ಕುಡಿದು ಭಾರ ಆಗುತ್ತೆ, ಜಾರುಬಂಡೆ ಕೊಳವೆ ಮಧ್ಯದಲ್ಲೇ ನಿಲ್ಲಿಸುತ್ತೆ, ಹಿಂದಿಂದ ಬಂದವರು ಬೆನ್ನಿಗೇ ಗುದ್ದುತ್ತಾರೆ. ಅದರ ನಾರು ಫಿಲ್ಟರಿಗೂ ಕಟ್ಟುತ್ತೆ. ಜಿಪ್, ಲೋಹದ ಗುಂಡಿ ಫೈಬರ್‌ಗ್ಲಾಸ್ ಗೀಚುತ್ತೆ. ನೈಲಾನ್ ಜೊತೆ 15–20% ಸ್ಪ್ಯಾಂಡೆಕ್ಸ್ (ಹಿಗ್ಗೋ ನೂಲು) ಇರೋದನ್ನ ಮನೆಯಿಂದಲೇ ಒಯ್ಯಿರಿ. ಬಾಡಿಗೆ ಬಟ್ಟೆ ದಂಡ.

ಲೆಕ್ಕದಪ್ಪ: ವರ್ಷಕ್ಕೊಂದು ಸಲ ಹೋಗೋರಿಗೆ ಐದು ಸೆಟ್ ಕೊಳ್ಳೋದೇ ದಂಡ ಮೇಡಂ. ಮುಂದಿನ ವರ್ಷ ಮಗುವಿಗೆ ಚಿಕ್ಕದಾಗುತ್ತೆ, ನಿಮ್ಮ ಸ್ಪ್ಯಾಂಡೆಕ್ಸ್ ಕ್ಲೋರಿನ್‌ಗೆ ಜೋತುಬೀಳುತ್ತೆ.

ಲೈಕ್ರಾ ಲಕ್ಷ್ಮಿ: ಒಗೆಯೋಕೆ ಬರದವರ ಮನೇಲಿ ಜೋತುಬೀಳುತ್ತೆ. ಬಂದ ತಕ್ಷಣ ತಣ್ಣೀರಲ್ಲಿ ಜಾಲಾಡಿಸಿ, ಹಿಂಡದೆ ನೆರಳಲ್ಲಿ ಒಣಗಿಸಿ. ಒದ್ದೆಯಾಗೇ ಕವರಲ್ಲಿ ಕಟ್ಟಿ ಕಾರಿನ ಡಿಕ್ಕೀಲಿ ರಾತ್ರಿಯಿಡೀ ಬಿಟ್ಟರೆ ಯಾವ ಬಟ್ಟೆ ಉಳಿಯುತ್ತೆ ಸ್ವಾಮಿ?

ಪಂಪ್‌ಹೌಸ್: ಕಣ್ಣು ಉರಿಯೋದು ಕ್ಲೋರಿನ್ ಜಾಸ್ತಿಯಾಗಿ ಅಂತ ಯಾರೂ ಬರೀಬೇಡಿ. ಬೆವರು, ಮೂತ್ರ ಕ್ಲೋರಿನ್ ಜೊತೆ ಸೇರಿ ಕ್ಲೋರಮೈನ್ ಆಗುತ್ತೆ, ಮೂಗಿಗೆ ಹೊಡೆಯೋ ವಾಸನೆ ಅದರದ್ದೇ. ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 7.2–7.8 ಒಳಗಿದ್ದು ನೀರು ಚೆನ್ನಾಗಿದ್ರೆ ವಾಸನೆ ಅಷ್ಟು ಬರಲ್ಲ. ಇಳಿಯೋ ಮುಂಚೆ ಸೋಪು ಹಚ್ಚಿ ಸ್ನಾನ ಮಾಡಿ ಅನ್ನೋದು ಅದಕ್ಕೇ. ಒಂದೂವರೆ ವರ್ಷದವನಿಗೆ ಸ್ವಿಮ್ ಡೈಪರ್ ಹಾಕಿ. ಮಾಮೂಲಿದು ಉಬ್ಬಿ ಒಡೆದು ಜೆಲ್ ನೀರಿಗೆ ಬೀಳುತ್ತೆ. ಸ್ವಿಮ್ ಡೈಪರ್ ಮೂತ್ರ ತಡೆಯಲ್ಲ, ಕಕ್ಕ ಒಂದಿಷ್ಟು ಹೊತ್ತು ತಡೆಯುತ್ತೆ ಅಷ್ಟೆ. ಗಂಟೆಗೊಮ್ಮೆ ಬಿಚ್ಚಿ ನೋಡಲೇಬೇಕು.

ಸರ್ವಿಸ್ ರೋಡ್: ದಾರಿ ಖರ್ಚು ಯಾರೂ ಹೇಳಲಿಲ್ಲ. ಕೆಂಗೇರಿ ದಾಟಿದ ಮೇಲೆ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಹತ್ತಬೇಡಿ, ಪಕ್ಕದ ಸರ್ವಿಸ್ ರೋಡಲ್ಲೇ ಹೋಗಿ, ಕಣಿಮಿಣಿಕೆ ಟೋಲ್ ದುಡ್ಡಿಗೆ ನಾಲ್ಕು ಪ್ಲೇಟ್ ತಟ್ಟೆ ಇಡ್ಲಿ ಬರುತ್ತೆ. ಬೈಕಿಗಂತೂ 2023ರ ಆಗಸ್ಟಿಂದ ಅಲ್ಲಿ ಪ್ರವೇಶವೇ ಇಲ್ಲ.

ಲೆಕ್ಕದಪ್ಪ: ಸರ್ವಿಸ್ ರೋಡಲ್ಲಿ ಹೋಗಿ ಮುಕ್ಕಾಲು ಗಂಟೆ ಕಳೆದ್ರೆ ಟಿಕೆಟ್ ದುಡ್ಡೇ ನೀರುಪಾಲು. ಬೆಳಿಗ್ಗೆ ಮೊದಲ ಗಂಟೇಲಿ ಕ್ಯೂ ಇಲ್ಲದೆ ಆಡಿದ್ದೇ ಲಾಭ.

ಸರ್ವಿಸ್ ರೋಡ್: ಮುಕ್ಕಾಲು ಗಂಟೆ? ಎತ್ತಿನ ಗಾಡೀಲಿ ಹೋಗ್ತೀರಾ?

ಪಂಪ್‌ಹೌಸ್: ಇಡ್ಲಿ ಮೇಲೆ ಬೆಣ್ಣೆ ಹಾಕಿಸ್ಕೊಂಡು ನೇರ ರಾಫ್ಟ್ (ಗಾಳಿ ತುಂಬಿದ ತೆಪ್ಪ) ಹತ್ತಬೇಡಿ, ಮೇಲೆ ಬಂದುಬಿಡುತ್ತೆ. ಭಾರದವರು ಒಂದೇ ಕಡೆ ಕೂತ್ರೆ ರಾಫ್ಟ್ ತಿರುವಲ್ಲಿ ಗೋಡೆ ಏರುತ್ತೆ, ಎದುರುಬದುರು ಕೂರಿ.

ಕೇಳಿದವರು: ಅತ್ತೆಯವರ ಬಗ್ಗೆ ಯಾರೂ ಹೇಳಲೇ ಇಲ್ಲ. ಸೀರೇಲಿ ಇಳಿಯಬಹುದಾ?

ಲೈಕ್ರಾ ಲಕ್ಷ್ಮಿ: ಸೀರೆ ಬಿಡಲ್ಲಮ್ಮಾ. ಪೂರ್ತಿ ತೋಳಿನ, ಮೊಣಕಾಲು ಮುಚ್ಚೋ ನೈಲಾನ್ ಸೆಟ್ ಸಿಗುತ್ತೆ, ಒಂದು ಸೈಜ್ ದೊಡ್ಡದೇ ತಗೊಳ್ಳಿ. ಕನ್ನಡಕಕ್ಕೆ ಎಲಾಸ್ಟಿಕ್ ಪಟ್ಟಿ ಕಟ್ಟಿ. ಬಳೆ, ಸರ ಲಾಕರಿಗೆ. ಅಲೆ ಕೊಳದಲ್ಲಿ ಮೊಣಕಾಲು ನೀರಿಂದ ಮುಂದೆ ಹೋಗೋಕೆ ಬಿಡಬೇಡಿ, ಅಲೆ ಹಿಂದೆ ಹೋಗುವಾಗ ಕಾಲು ಕೀಳುತ್ತೆ.

ಲೆಕ್ಕದಪ್ಪ: ಲಾಕರಿಗೂ ಬಾಡಿಗೆ ಇದೆ, ಬರ್ಕೊಳ್ಳಿ.