ಕೋವಿಯ ‘ಕುದುರೆ’ ಯಾವುದು, ‘ಗಜ’ ಎಲ್ಲಿಂದ ಬಂತು?

ಎಲ್ಲರಿಗೂ ನಮಸ್ಕಾರ.

ನಮ್ಮದು ಶಿರಸಿಯಿಂದ ಯಲ್ಲಾಪುರದ ಕಡೆ ಹೋಗುವಾಗ ಸಿಗುವ ಒಂದು ಸಣ್ಣ ಹಳ್ಳಿ. ಅಡಿಕೆ ತೋಟ, ಒಂದಿಷ್ಟು ಗದ್ದೆ, ಹಿಂದೆ ಬೆಟ್ಟ. ಬೆಳೆ ಕಾಯಲು ಅಂತ ಅಜ್ಜನ ಹೆಸರಿನಲ್ಲಿ ಲೈಸೆನ್ಸ್ ಇದ್ದ ಒಂದು ಕೇಪಿನ ಕೋವಿ ಮನೆಯಲ್ಲಿತ್ತು. ಬಾಯಿಂದ ಮದ್ದು ತುಂಬಿ, ಬುಡದಲ್ಲಿ ಕೇಪು ಅನ್ನುವ ಬಡಿದರೆ ಸಿಡಿಯುವ ಸಣ್ಣ ಟೋಪಿ ಇಟ್ಟು ಹೊಡೆಯುವ ಬಂದೂಕು ಅದು. ಈಗ ಅಜ್ಜನೂ ಇಲ್ಲ, ಕೋವಿಯೂ ಇಲ್ಲ. ಆದರೆ ಆ ಕೋವಿಯ ಸುತ್ತ ಇದ್ದ ಮಾತುಗಳು ಅಪ್ಪಯ್ಯನ ಬಾಯಲ್ಲಿ ಇನ್ನೂ ಇವೆ. ಅವನ್ನು ಕೇಳಿ ಕೇಳಿ ಬರೆದಿಡುತ್ತಿದ್ದೇನೆ.

ಬರೆದದ್ದನ್ನು ಗೆಳೆಯರೊಬ್ಬರಿಗೆ ತಿದ್ದಲು ಕೊಟ್ಟಿದ್ದೆ. ತುಂಬ ಓದಿಕೊಂಡವರು, ಕಾಳಜಿಯಿಂದ ತಿದ್ದಿದ್ದಾರೆ. ಆದರೆ ನಾನು ‘ಕುದುರೆ ಎತ್ತಿ’ ಅಂತ ಬರೆದ ಕಡೆಯಲ್ಲೆಲ್ಲ ‘ಕುದುರೆ ಎಳೆದು’ ಅಂತ ಮಾಡಿದ್ದಾರೆ. ‘ಗಜ ಜಡಿದು’ ಅನ್ನುವುದರ ಕೆಳಗೆ ಗೆರೆ ಎಳೆದು, ‘ಆನೆ ಇಲ್ಲಿ ಹೇಗೆ ಬಂತು?’ ಅಂತ ಕೇಳಿದ್ದಾರೆ. ಈ ಎರಡು ಪದಗಳ ಬಗ್ಗೆಯೇ ನಾನು ಬಲ್ಲವರ ಮುಂದೆ ಮಾತಾಡಬೇಕಾಗಿದೆ.

ಮೊದಲು ಕುದುರೆ. ಇವತ್ತಿನ ಕತೆ, ಪತ್ರಿಕೆಗಳಲ್ಲಿ ‘ಕುದುರೆ ಎಳೆದ’ ಅಂದರೆ ಬೆರಳಿನಿಂದ ಟ್ರಿಗರ್ ಎಳೆದ ಅಂತ ಅರ್ಥ. ಗೆಳೆಯರು ತಿದ್ದಿದ್ದು ಆ ರೂಢಿಯಿಂದ. ನಮ್ಮ ಮನೆಯಲ್ಲಿ ಹಾಗಲ್ಲ. ಕೋವಿಯ ಮೇಲ್ಗಡೆ, ನಳಿಗೆಯ ಬುಡದಲ್ಲಿ, ಹೆಬ್ಬೆರಳಿನಿಂದ ಹಿಂದಕ್ಕೆ ಎತ್ತುವ ಬಾಗಿದ ಕಬ್ಬಿಣದ ತುಂಡು ಇರುತ್ತದಲ್ಲ, ಕೇಪಿನ ಮೇಲೆ ಬಂದು ಬಡಿಯುವುದು, ಅದು ಕುದುರೆ. ಅದನ್ನು ಎಳೆಯುವುದಿಲ್ಲ, ಎತ್ತುತ್ತಾರೆ. ಬೇಡ ಅಂದರೆ ಇಳಿಸುತ್ತಾರೆ.

ಇದು ಸುಮ್ನೆ ಪದದ ಜಗಳ ಅಂತ ಅನಿಸಬಹುದು. ಅಜ್ಜ ಹೇಳುತ್ತಿದ್ದ ಒಂದು ಮಾತು ನೋಡಿ: “ಕುದ್ರೆ ಅರ್ಧ ಎತ್ತಿ ಆದ್ಮೇಲೆ ಕೇಪು ಇಡವು ಮಾಣಿ.” ಈ ಕೋವಿಗಳ ಕುದುರೆಗೆ ಎರಡು ಮೆಟ್ಟಿಲು. ಅರ್ಧ ಎತ್ತಿದಾಗ ಒಳಗಿನ ಒಂದು ಕಚ್ಚಿನಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಟ್ರಿಗರ್ ಎಳೆದರೂ ಅದು ಬೀಳಬಾರದು. ಪೂರ್ತಿ ಎತ್ತಿದರೆ ಮಾತ್ರ ಈಡಿಗೆ, ಅಂದರೆ ಹೊಡೆಯಲು, ಸಿದ್ಧ. ಕೇಪು ಇಡುವುದು ಕಟ್ಟಕಡೆಯ ಕೆಲಸ, ಅದೂ ಅರ್ಧ ಎತ್ತಿದ ಕುದುರೆಯ ಅಡಿಯಲ್ಲಿ. ಈಗ ಇದನ್ನೇ ‘ಕುದುರೆ ಅರ್ಧ ಎಳೆದ ಮೇಲೆ ಕೇಪು ಇಡಬೇಕು’ ಅಂತ ತಿದ್ದಿದರೆ ಏನಾಯಿತು? ತುಂಬಿದ ಕೋವಿಯ ಟ್ರಿಗರ್‌ನಲ್ಲಿ ಬೆರಳು ಇಟ್ಟುಕೊಂಡು ಕೇಪು ಕೂರಿಸು ಅಂದ ಹಾಗಾಯಿತು. ಜೀವ ಉಳಿಸುವ ಮಾತು ಜೀವ ತೆಗೆಯುವ ಮಾತಾಯಿತು. ಅದಕ್ಕೇ ನಾನು ಇಷ್ಟು ಪಟ್ಟು ಹಿಡಿದದ್ದು.

ಇನ್ನೊಂದು ಮಾತು, “ಕುದ್ರೆ ಮೆಲ್ಲಗೆ ಇಳಿಸು.” ಹಂದಿ ಬರಲೇ ಇಲ್ಲ, ಮಾಳದಿಂದ (ಬೆಳೆ ಕಾಯಲು ಕಟ್ಟಿದ ಅಟ್ಟಣಿಗೆಯಿಂದ) ಮನೆಗೆ ಹೊರಡಬೇಕು. ಆಗ ಕುದುರೆಯನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಹಿಡಿದು, ಟ್ರಿಗರ್ ಎಳೆದು, ಕುದುರೆಯನ್ನು ನಿಧಾನ ಕೆಳಗೆ ಬಿಡುವುದು. ಕೋವಿಯ ಬಾಯಿ ಯಾವಾಗಲೂ ಯಾರೂ ಇಲ್ಲದ ಕಡೆಗೆ. ಈ ಒಂದೇ ಕೆಲಸದಲ್ಲಿ ಕುದುರೆ ಬೇರೆ, ಟ್ರಿಗರ್ ಬೇರೆ ಅಂತ ಕೈಗೇ ಗೊತ್ತಾಗುತ್ತದೆ.

ಕುದುರೆ ಅನ್ನುವ ಹೆಸರು ನಮ್ಮೊಬ್ಬರದೇ ಅಲ್ಲ. ತಮಿಳಿನಲ್ಲಿ ಕುದಿರೈ, ಮರಾಠಿ, ಹಿಂದಿಯಲ್ಲಿ ಘೋಡಾ, ಎಲ್ಲವೂ ಕುದುರೆಯೇ. ಬೇರೆ ದೇಶಗಳಲ್ಲಿ ಬೇರೆ ಪ್ರಾಣಿ. ಇಂಗ್ಲಿಷಿನಲ್ಲಿ ಅದು ಕಾಕ್, ಜರ್ಮನ್‌ನಲ್ಲಿ ಹಾನ್, ಎರಡೂ ಹುಂಜ. ಫ್ರೆಂಚರಿಗೆ ನಾಯಿ. ನಮ್ಮ ಪಕ್ಕದ ಗೋವೆಯಲ್ಲಿ 1961ರ ತನಕ ಇದ್ದ ಪೋರ್ಚುಗೀಸರಿಗೂ ನಾಯಿ. ಬಾಗಿ ಕುಕ್ಕುವುದನ್ನು ನೋಡಿದವರು ಹುಂಜ ಅಂದರು, ಕಚ್ಚುವುದನ್ನು ನೋಡಿದವರು ನಾಯಿ ಅಂದರು ಅಂತ ನನಗೆ ತೋರುತ್ತದೆ. ನಮ್ಮವರು ನೋಡಿದ್ದು ಮುಂಗಾಲು ಎತ್ತಿ ನಿಲ್ಲುವುದನ್ನು ಇರಬೇಕು. ವೀಣೆಯಲ್ಲಿ ತಂತಿ ಹೊತ್ತು ನಿಲ್ಲುವ ಮರದ ತುಂಡಿಗೂ ನಾವು ಕುದುರೆ ಅಂತೀವಿ. ಅದು ಹೊರುವ ಕುದುರೆ, ಇದು ಎದ್ದು ನಿಲ್ಲುವ ಕುದುರೆ.

ಹಾಗಾದರೆ ಹೆಸರು ಮೇಲಿನಿಂದ ಕೆಳಗಿನ ಟ್ರಿಗರ್‌ಗೆ ಇಳಿದದ್ದು ಹೇಗೆ? ನನ್ನ ಊಹೆ ಹೀಗಿದೆ. ತೋಟೆ (ಕಾರ್ಟ್ರಿಜ್) ಹಾಕುವ ಕೋವಿಗಳು ಬಂದ ಮೇಲೆ, ಹಲವು ಕೋವಿಗಳಲ್ಲಿ ಬಡಿಯುವ ಭಾಗ ಒಳಗೆ ಸೇರಿಕೊಂಡಿತು. ಹೊರಗೆ ಕಾಣುವುದು, ಕೈಗೆ ಸಿಗುವುದು ಟ್ರಿಗರ್ ಒಂದೇ. ಹೆಸರು ಉಳಿಯಿತು, ಹೆಸರಿನ ವಸ್ತು ಕಣ್ಣಿಗೆ ಬೀಳಲಿಲ್ಲ. ಆಗ ಹೆಸರು ಕಾಣುವ ಭಾಗಕ್ಕೆ ಅಂಟಿಕೊಂಡಿತು. ಹಿಂದಿಯಲ್ಲೂ ಈಗ ಘೋಡಾ ‘ಒತ್ತುತ್ತಾರೆ’. ಅಂದರೆ ಅಲ್ಲೂ ಹೀಗೇ ಆಗಿದೆ. ಹೊಸ ಅರ್ಥ ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಕೇಪಿನ ಕೋವಿಯ ವಿಷಯ ಬರೆಯುವಾಗ ಹಳೆಯ ಅರ್ಥವನ್ನೇ ಇಟ್ಟುಕೊಳ್ಳಬೇಕು ಅನ್ನುವುದು ನನ್ನ ವಾದ.

ಇನ್ನು ಗಜ. ಇದು ಆನೆಯಲ್ಲ. ಕೋವಿಯ ಬಾಯಿಂದ ಮದ್ದು ಹಾಕಿ, ತೆಂಗಿನ ನಾರಿನ ಉಂಡೆ ಇಟ್ಟು, ಮೇಲೆ ಚರೆ (ಸೀಸದ ಸಣ್ಣ ಕಾಳು) ಹಾಕಿ, ಮತ್ತೆ ನಾರು ಇಟ್ಟು ಜಡಿಯುವ ಉದ್ದದ ಕೋಲು. ನಳಿಗೆಯ ಅಡಿಯಲ್ಲಿ ಸಿಕ್ಕಿಸಿಕೊಂಡಿರುತ್ತದೆ. ಪದ ಪಾರಸಿಯ ‘ಗಜ್’. ಅಲ್ಲಿ ಅದಕ್ಕೆ ಅಳತೆಯ ಗಜ ಅಂತಲೂ ಅರ್ಥ, ಕೋವಿ ಜಡಿಯುವ ಕೋಲು ಅಂತಲೂ ಅರ್ಥ. ಬಟ್ಟೆ ಅಂಗಡಿಯಲ್ಲಿ ಮೂರು ಅಡಿಗೆ ಒಂದು ಗಜ ಅಂತೀವಲ್ಲ, ಅದೇ ಇದು. ಸಂಸ್ಕೃತದ ಗಜಕ್ಕೂ ಇದಕ್ಕೂ ನಂಟಿಲ್ಲ. ಕನ್ನಡಕ್ಕೆ ಬಂದು ಎರಡೂ ಒಂದೇ ಕಾಗುಣಿತದಲ್ಲಿ ಕೂತವು, ಅಷ್ಟೆ.

ಚಿಕ್ಕವನಿದ್ದಾಗ ನಾನೂ ಆನೆ ಅಂತಲೇ ತಿಳಿದಿದ್ದೆ. ಒಂದೇ ಕೋವಿಯಲ್ಲಿ ಆನೆಯೂ ಇದೆ, ಕುದುರೆಯೂ ಇದೆ ಅಂದಾಗ ಒಂದು ರಾಜನ ಸೈನ್ಯವೇ ಅಟ್ಟದ ಮೇಲೆ ಇದ್ದ ಹಾಗೆ ಖುಷಿ.

ಗಜ ಅಳತೆಗೂ ಬರುತ್ತಿತ್ತು ಅನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ. ಅಜ್ಜನ ಗಜದ ಮೇಲೆ ಚಾಕುವಿನಿಂದ ಕೆತ್ತಿದ ಎರಡು ಗುರುತು ಇದ್ದವು. ಖಾಲಿ ಕೋವಿಯೊಳಗೆ ಗಜ ಇಳಿಸಿದರೆ ಮೇಲಿನ ಗುರುತು ಬಾಯಿಗೆ ಸರಿಯಾಗಿ ಕೂರುತ್ತದೆ. ಈಡು ತುಂಬಿದ್ದರೆ ಗಜ ಅಷ್ಟು ಒಳಗೆ ಹೋಗುವುದಿಲ್ಲ, ಕೆಳಗಿನ ಗುರುತಿಗೇ ನಿಲ್ಲುತ್ತದೆ. “ಗಜ ಎಷ್ಟು ಹೊರಗೆ ಇದ್ದು ನೋಡು” ಅಂತ ಕೇಳಿ, ಉತ್ತರ ಬಂದ ಮೇಲೇ ಅಜ್ಜ ಕೋವಿ ಒಳಗೆ ತರಲು ಬಿಡುತ್ತಿದ್ದನಂತೆ. ಬಾಯಿಂದ ತುಂಬುವ ಕೋವಿಯನ್ನು ತೋಟೆ ಕೋವಿಯ ಹಾಗೆ ಮಡಿಸಿ ನೋಡಲು ಆಗುವುದಿಲ್ಲ. ತುಂಬಿದೆಯೋ ಇಲ್ಲವೋ ಹೇಳುವುದು ಗಜ ಒಂದೇ. ಎರಡು ಈಡು ಒಂದರ ಮೇಲೊಂದು ಬಿದ್ದರೆ ನಳಿಗೆಯೇ ಒಡೆಯಬಹುದು.

ಈಡು ಅನ್ನುವ ಪದದ ಬಗ್ಗೆಯೂ ಎರಡು ಮಾತು. ಗೆಳೆಯರು ಇದನ್ನೂ ಕೆಲವು ಕಡೆ ‘ಗುಂಡು’ ಅಂತ ಮಾಡಿದ್ದಾರೆ. ಗುಂಡು ಅಂದರೆ ಸೀಸದ ಉಂಡೆ. ಈಡು ಅಂದರೆ ಒಂದು ಸಲಕ್ಕೆ ತುಂಬಿದ ಮದ್ದು, ನಾರು, ಚರೆ ಎಲ್ಲ ಸೇರಿದ್ದು. ಅದು ಹಾರಿದಾಗ ಆಗುವ ಹೊಡೆತವೂ ಈಡು. ಮಂಗ ಓಡಿಸಲು ಬರಿ ಮದ್ದು ತುಂಬಿ ಹೊಡೆದರೂ ‘ಒಂದು ಈಡು ಹಾಕಿದೆ’ ಅಂತಲೇ ಹೇಳುತ್ತಾರೆ. ಅಲ್ಲಿ ಗುಂಡು ಎಲ್ಲಿದೆ?

ಮದ್ದು ಅಂದ ಕೂಡಲೆ ನಮ್ಮ ಕಡೆ ಮೊದಲು ನೆನಪಾಗುವುದು ಕಾಯಿಲೆಯ ಮದ್ದು. ಕೋವಿಗೂ ಅದೇ ಪದ. ಚೀನೀ ಭಾಷೆಯಲ್ಲಿ ಇದಕ್ಕೆ ಹ್ವೊಯಾವ್, ಅಂದರೆ ಬೆಂಕಿಮದ್ದು. ಮಲಯಾಳದಲ್ಲಿ ವೆಡಿಮರುನ್ನು, ಮರುನ್ನು ಅಂದರೂ ಮದ್ದೇ. ಪಾರಸಿಯ ದಾರೂ ಅಂದರೆ ಔಷಧ. ಮರಾಠಿಯಲ್ಲಿ ಅದೇ ದಾರೂ ಕೋವಿಯ ಮದ್ದಿಗೂ ಬಂತು, ಕುಡಿಯುವ ಹೆಂಡಕ್ಕೂ ಬಂತು. ಕರಿ ಮದ್ದಿನಲ್ಲಿ ಇರುವುದು ಇದ್ದಿಲು, ಗಂಧಕ, ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟ್). ಈ ಪೆಟ್ಲುಪ್ಪಿನ ‘ಪೆಟ್ಲು’ ಮತ್ತು ಅಷ್ಟಮಿ ಹೊತ್ತಿಗೆ ಮಕ್ಕಳು ಬಿದಿರಿನ ಕೊಳವೆಯಲ್ಲಿ ಕಾಯಿ ತುರುಕಿ ಹೊಡೆಯುವ ‘ಪೆಟ್ಲು’ ಒಂದೇ ಅಲ್ವಾ? ಪೆಟ್ ಅಂತ ಸಿಡಿಯುವುದರಿಂದ ಎರಡಕ್ಕೂ ಆ ಹೆಸರು ಬಂದಿರಬೇಕು.

ಒಂದು ಕ್ರಿಯಾಪದವನ್ನೂ ಗೆಳೆಯರು ಬದಲಿಸಿದ್ದಾರೆ. ‘ಕೋವಿ ತೊಳೆದು’ ಅನ್ನುವುದು ‘ಕೋವಿ ಒರೆಸಿ’ ಆಗಿದೆ. ಕಬ್ಬಿಣಕ್ಕೆ ನೀರು ತಾಗಿಸಬಾರದು ಅನ್ನುವುದು ಅವರ ಎಣಿಕೆ. ಆದರೆ ಕರಿ ಮದ್ದಿನ ಕೋವಿಯನ್ನು ನಿಜವಾಗಿಯೂ ತೊಳೆಯುತ್ತಾರೆ. ಕರಿ ಮದ್ದು ಉರಿದರೆ ಅದರ ತೂಕದ ಅರ್ಧಕ್ಕಿಂತ ಜಾಸ್ತಿ ಮಸಿಯಾಗಿ, ಹೊಗೆಯ ಕಣವಾಗಿ ಉಳಿಯುತ್ತದೆ. ಆ ಮಸಿಯಲ್ಲಿ ಉಪ್ಪಿನಂಶ ಇರುತ್ತದೆ. ಅದು ಗಾಳಿಯ ತೇವವನ್ನು ಎಳೆದುಕೊಂಡು ಕಬ್ಬಿಣವನ್ನು ತಿನ್ನುತ್ತದೆ. ನಮ್ಮ ಮಳೆಗಾಲದಲ್ಲಿ ಒಂದು ರಾತ್ರಿ ಬಿಟ್ಟರೂ ನಳಿಗೆಯೊಳಗೆ ಕೆಂಪು ತುಕ್ಕು. ಎಣ್ಣೆಗೆ ಆ ಉಪ್ಪು ಕರಗುವುದಿಲ್ಲ, ನೀರಿಗೆ ಕರಗುತ್ತದೆ. ಅದಕ್ಕೆ ಬಚ್ಚಲ ಹಂಡೆಯ ಬಿಸಿನೀರು. ನಳಿಗೆ ಕಳಚಿ, ಬುಡವನ್ನು ನೀರಿನಲ್ಲಿಟ್ಟು, ಗಜದ ತುದಿಗೆ ಬಟ್ಟೆ ಸುತ್ತಿ, ಮೇಲೆ ಕೆಳಗೆ ಆಡಿಸುವುದು. ಕರಿ ನೀರು ಹೋಗಿ ತಿಳಿ ನೀರು ಬರುವ ತನಕ. ಕುದಿಯುವ ನೀರಾದರೆ ನಳಿಗೆ ಬಿಸಿಯಾಗಿ ಬೇಗ ಒಣಗುತ್ತದೆ. ಆಮೇಲೆ ಒಣಬಟ್ಟೆ, ಕೊನೆಗೆ ಎಣ್ಣೆ. ಕೇಪಿನ ಕೋವಿ ತೊಳೆಯುವುದು, ತೋಟೆ ಕೋವಿ ಒರೆಸುವುದು. ಎರಡು ಬೇರೆ ಬೇರೆ ಕ್ರಿಯಾಪದಗಳು ಎರಡು ಬಗೆಯ ಮದ್ದಿನ ಗುಣವನ್ನೇ ಹೇಳುತ್ತವೆ.

ಇಡೀ ಕೋವಿಗೆ ಕಾಗದದಲ್ಲಿ ಇರುವ ಹೆಸರು ಎಸ್.ಬಿ.ಎಂ.ಎಲ್. ಅಂದರೆ ಬಾಯಿಂದ ತುಂಬುವ ಒಂಟಿನಳಿಗೆ. 1959ರ ಆಯುಧ ಕಾಯ್ದೆಯಲ್ಲೂ ಬೆಳೆ ಕಾಯಲು ಇಂಥ ಕೋವಿ ಅಂತ ಬೇರೆಯಾಗಿಯೇ ಹೇಳಿದ್ದಾರೆ. ಊರಲ್ಲಿ ಮಾತ್ರ ಕೇಪಿನ ಕೋವಿ. ಕೇಪು ಬರುವ ಮೊದಲು ಕುದುರೆಯ ಬಾಯಲ್ಲಿ ಚಕಮಕಿ ಕಲ್ಲು ಕಚ್ಚಿಸುತ್ತಿದ್ದರು. ತುರ್ಕಿಯಿಂದ ಬಂದ ಆ ಚಕಮಕಿ, ಪತ್ರಿಕೆಯ ‘ಗುಂಡಿನ ಚಕಮಕಿ’ಯಲ್ಲಿ ಇವತ್ತಿಗೂ ಕಿಡಿ ಹಾರಿಸುತ್ತಿದೆ.

ಈಗ ನನ್ನ ಪ್ರಶ್ನೆಗಳು. ಅಜ್ಜನ ಮಾತಿನಲ್ಲಿ ಟ್ರಿಗರ್‌ಗೆ ಬೇರೆ ಹೆಸರೇ ಇರಲಿಲ್ಲ. “ಕುದ್ರೆ ಎತ್ತು, ಗುರಿ ನೋಡು, ಎಳಿ.” ಏನನ್ನು ಎಳೆಯಬೇಕು ಅಂತ ಹೇಳುವ ಅಗತ್ಯವೇ ಬಿದ್ದಿರಲಿಲ್ಲ. ನಿಮ್ಮ ಕಡೆ, ಅಂಕೋಲೆ, ಕುಮಟೆ, ಸಿದ್ದಾಪುರ, ಜೋಯಿಡಾ ಕಡೆಯ ಹಿರಿಯರು ಅದಕ್ಕೆ ಏನು ಹೇಳುತ್ತಾರೆ? ಹಾಗೆಯೇ, ಕೇಪು ಕೂರಿಸುವ ತೂತಿನ ಸಣ್ಣ ಮೊಳೆ ಇರುತ್ತದಲ್ಲ, ಅದಕ್ಕೆ ಹೆಸರೇನು? ಕೋವಿ ರಿಪೇರಿ ಮಾಡುತ್ತಿದ್ದ ಆಚಾರಿಗಳ ಮನೆಯವರು ಯಾರಾದರೂ ಇದ್ದರೆ ದಯವಿಟ್ಟು ಮನೆಯಲ್ಲಿ ಕೇಳಿ ತಿಳಿಸಿ. ಕಾರವಾರದ ಕೊಂಕಣಿ ಮಾತಾಡುವವರು ತಮ್ಮ ಪದಗಳನ್ನೂ ಹೇಳಿ. ಅಪ್ಪಯ್ಯನಿಗೆ ಈಗ ಎಂಬತ್ತು ದಾಟಿದೆ. ಬಂದ ಉತ್ತರಗಳನ್ನು ಓದಿ ಹೇಳಿದರೆ ಇನ್ನೊಂದಿಷ್ಟು ಮಾತು ನೆನಪಾಗಬಹುದು ಅಂತ ಕಾಯುತ್ತಿದ್ದಾರೆ.