ಅಡಿಕೆ ಸುಲಿತದ ಕಿಲೋ ಲೆಕ್ಕ ಮತ್ತು ಕೆಲಸದವರ ಆರೋಗ್ಯ

ಪ್ರಶ್ನೆ: ಶಿರಸಿ ತಾಲ್ಲೂಕಿನ ಬೆಳೆಗಾರ
ನಮ್ಮಲ್ಲಿ ತೋಟದ ಕೆಲಸಕ್ಕೆ ದಿನಗೂಲಿ, ಹಸಿ ಅಡಿಕೆ ಸುಲಿಯುವುದಕ್ಕೆ ಕಿಲೋ ಲೆಕ್ಕ. ಗೊಬ್ಬರ ಹಾಕಲು ಬಂದ ದಿನ ಚಹಾಕ್ಕೆಂದು ಎದ್ದು ಬರುವ ಹೆಂಗಸರೇ, ಮೆಟ್ಟುಗತ್ತಿಯ ಮುಂದೆ ಕುಳಿತ ದಿನ ಲೋಟವನ್ನು ಪಕ್ಕದಲ್ಲಿಟ್ಟುಕೊಂಡು ಆರಲು ಬಿಡುತ್ತಾರೆ. ಮರುದಿನ ಬೇಯಿಸಬೇಕಾದ ಅಡಿಕೆಯಾದ್ದರಿಂದ ರಾತ್ರಿಯವರೆಗೂ ಸುಲಿತ ನಡೆಯುತ್ತದೆ. ಹಂಗಾಮು ಮುಗಿಯುವ ಹೊತ್ತಿಗೆ ಅವರಿಗೆ ಬರುವ ಸೊಂಟ ಮತ್ತು ಮಣಿಕಟ್ಟಿನ ನೋವಿಗೆ ಕೆಲಸವೇ ಕಾರಣವೋ, ಕೂಲಿಯ ಲೆಕ್ಕವೂ ಕಾರಣವೋ?

ಉತ್ತರ 1: ಫಿಸಿಯೊಥೆರಪಿಸ್ಟ್, ಕುಮಟಾ
ಎರಡೂ ಕಾರಣ. ಒಂದು ಕಾಲಿನಿಂದ ಮೆಟ್ಟುಗತ್ತಿಯನ್ನು ಒತ್ತಿ ಹಿಡಿದು, ಬೆನ್ನು ಬಾಗಿಸಿ, ಒಂದೇ ಬಗೆಯಲ್ಲಿ ಮಣಿಕಟ್ಟನ್ನು ತಿರುಗಿಸುವಾಗ ಸ್ನಾಯುರಜ್ಜುಗಳಿಗೆ ಬೀಳುವ ಒತ್ತಡ ನಡುನಡುವೆ ಎದ್ದು ನಡೆದಾಡಿದರೆ ಇಳಿಯುತ್ತದೆ. ಆದರೆ ಎದ್ದ ಪ್ರತಿ ನಿಮಿಷಕ್ಕೂ ಕೂಲಿ ಕಡಿಮೆಯಾಗುವಲ್ಲಿ ಯಾರೂ ಏಳುವುದಿಲ್ಲ. ಏಳಬೇಕಾದೀತೆಂದು ನೀರನ್ನೂ ಕಡಿಮೆ ಕುಡಿಯುತ್ತಾರೆ, ಅದರಿಂದ ಉರಿಮೂತ್ರ ಬರುತ್ತದೆ. ನೋವು ಶುರುವಾದಾಗಲೇ ಬರುವವರು ತೀರಾ ವಿರಳ.

ಉತ್ತರ 2: ಅರ್ಥಶಾಸ್ತ್ರದ ಅಧ್ಯಾಪಕ, ಶಿರಸಿ
ಮಾಡಿದಷ್ಟಕ್ಕೆ ಕೈತುಂಬ ಕೂಲಿ ಸಿಕ್ಕರೆ ಕೆಲಸಗಾರರು ಮೈಮುರಿದು ದುಡಿದು ಕೆಲವೇ ವರ್ಷಗಳಲ್ಲಿ ಆರೋಗ್ಯ ಕೆಡಿಸಿಕೊಳ್ಳುತ್ತಾರೆಂದು ಆಡಮ್ ಸ್ಮಿತ್ 1776ರಲ್ಲೇ ಬರೆದಿದ್ದಾರೆ. ಫಿಲಿಪ್ಪೀನ್ಸ್‌ನ ಕೃಷಿ ಕೂಲಿಕಾರರ ಬಗ್ಗೆ 1994ರಲ್ಲಿ ಪ್ರಕಟವಾದ ಅಧ್ಯಯನವೂ ಮಾಡಿದಷ್ಟಕ್ಕೆ ಕೂಲಿ ಇರುವಲ್ಲಿ ಶ್ರಮ ಹೆಚ್ಚಿ ದೇಹ ಹೆಚ್ಚು ಸವೆಯುತ್ತದೆಂದು ತೋರಿಸಿತು. ನನ್ನ ಅಭಿಪ್ರಾಯದಲ್ಲಿ ಇನ್ನೂ ಕೆಟ್ಟದ್ದು ಕಡಿಮೆ ದರ, ಏಕೆಂದರೆ ಅಲ್ಲಿ ಮೈಮುರಿಯುವುದು ಆಸೆಗಲ್ಲ, ದಿನದ ಖರ್ಚಿಗೆ. ಮಾಡಿದಷ್ಟಕ್ಕೆ ಕೂಲಿಯಾದರೂ, ಅದಕ್ಕೆ ಪ್ರತ್ಯೇಕ ದರ ನಿಗದಿಯಾಗಿಲ್ಲದಿದ್ದರೆ ಕನಿಷ್ಠ ದಿನಗೂಲಿಗಿಂತ ಕಡಿಮೆ ಕೊಡುವಂತಿಲ್ಲ ಎಂದು 1948ರ ಕನಿಷ್ಠ ವೇತನ ಕಾಯ್ದೆಯ 17ನೇ ಕಲಮು ಹೇಳಿತ್ತು. 2019ರ ವೇತನ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ.

ಉತ್ತರ 3: ಬೈತಖೋಲ, ಕಾರವಾರ
ಇದು ಅಡಿಕೆಗೆ ಮಾತ್ರ ಸೀಮಿತವಲ್ಲ. ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟಿನಲ್ಲಿ ಕೂಲಿಯೆಂದರೆ ಸಿಕ್ಕ ಮೀನಿನ ಮೇಲೆ ಪಾಲು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಉಳಿದ ತಿಂಗಳುಗಳಲ್ಲೇ ವರ್ಷದ ದುಡಿಮೆಯಾಗಬೇಕು. ಹಾಗಾಗಿ ಜ್ವರ ಬಂದರೂ ಗುಳಿಗೆ ನುಂಗಿ ಬೋಟು ಹತ್ತುತ್ತಾರೆ.

ಪ್ರಶ್ನೆ ಕೇಳಿದವರು:
ಕನಿಷ್ಠ ಕೂಲಿ ಕಟ್ಟಿಬಿಟ್ಟರೆ ಕೈ ನಿಧಾನವಾದ ವಯಸ್ಸಾದವರನ್ನು ಯಾರೂ ಕರೆಯಲಾರರು ಎಂಬ ಆತಂಕ ನನ್ನದು.

ಉತ್ತರ 2ರವರು:
ಆತಂಕ ನಿಜ. ದಿನಗೂಲಿಯನ್ನು ಎಲ್ಲರಿಗೂ ಖಚಿತಪಡಿಸಿ, ಒಂದು ಮಿತಿಯಾಚೆ ಸುಲಿದದ್ದಕ್ಕೆ ಮಾತ್ರ ಕಿಲೋ ಲೆಕ್ಕ ಕೊಡಿ; ವಯಸ್ಸಾದವರಿಗೆ ಅಡಿಕೆ ಹರಡುವ, ಆರಿಸುವ ಕೆಲಸವನ್ನು ಅದೇ ಕೂಲಿಗೆ ಒಪ್ಪಿಸಿ. ಚಹಾದ ಹೊತ್ತಿಗೆ ಎಲ್ಲ ಕತ್ತಿಗಳೂ ಒಟ್ಟಿಗೆ ನಿಲ್ಲಬೇಕೆಂದು ಮನೆಯವರೇ ಹೇಳಬೇಕು, ಒಬ್ಬರೇ ಏಳುವುದಕ್ಕೆ ಯಾರೂ ಮುಂದಾಗುವುದಿಲ್ಲ.